ಮಜ್ಜಿಗೆಗೆ ಕೇಳಿದ ಉಪ್ಪು

ಹಿರಿಯೂರಿನ ಎಣ್ಣೆ ಮಿಲ್ಲಿನವರ ಮನೆಗೆ ನಾವು ಹೋದದ್ದು ದೀಪಾವಳಿಗೆ ಮೊದಲು ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ನಾನು ಅದನ್ನು ಒಪ್ಪಲಾರೆ. ನಾವು ಹೋದದ್ದು ಸಂಕ್ರಾಂತಿ ಕಳೆದ ಮೇಲೆ, ಮಾಘ ಮಾಸದಲ್ಲಿ. ಹೊರಗಿನವರಿಗೆ ಇದು ಕ್ಷುಲ್ಲಕ ವ್ಯತ್ಯಾಸವೆನಿಸಬಹುದು. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಅಕ್ಕನ ಶಾಲೆಯ ಕೆಲಸ ಖಾಯಂ ಆದ ಆದೇಶ ಅವಳ ಕೈಸೇರಿದ್ದು ಸಂಕ್ರಾಂತಿಯ ಹೊತ್ತಿಗೆ. ಅಪ್ಪನ ಲೆಕ್ಕ ಸರಿಯಾದರೆ ಅಕ್ಕ ಬಿಟ್ಟುಕೊಟ್ಟದ್ದು ಇಂದೋ ನಾಳೆಯೋ ತಾನಾಗಿಯೇ ಹೋಗಬಹುದಾಗಿದ್ದ ತಾತ್ಕಾಲಿಕ ಕೆಲಸ. ನನ್ನ ಲೆಕ್ಕ ಸರಿಯಾದರೆ ಅವಳ ಕೈಬಿಟ್ಟುಹೋದದ್ದು ಒಂದು ಜೀವಮಾನಕ್ಕಾಗುವ ಕೆಲಸ.

ವರ್ಷದ ಬಗ್ಗೆ ವಿವಾದವಿಲ್ಲ. ತುರ್ತುಪರಿಸ್ಥಿತಿ ಘೋಷಣೆಯಾದ ಮೇಲಿನ ಮೊದಲ ಚಳಿಗಾಲ ಅದು. ಆಗ ನಾನು ಚಿತ್ರದುರ್ಗದಲ್ಲಿ ಒಂದು ಕೋಣೆ ಹಿಡಿದು, ಸುತ್ತಲ ತಾಲ್ಲೂಕುಗಳ ಶಾಸನಗಳ ಪಡಿಯಚ್ಚು ತೆಗೆಯುವ ಕೆಲಸದಲ್ಲಿದ್ದೆ. ಶಾಸನದಲ್ಲಿ ಸಾಮಾನ್ಯವಾಗಿ ಸಂವತ್ಸರ, ತಿಥಿ, ವಾರ ಮೂರೂ ಇರುತ್ತವೆ. ಅವು ಒಂದಕ್ಕೊಂದು ಹೊಂದದಿದ್ದರೆ ಬರೆಸಿದವನೋ ಕೊರೆದವನೋ ಎಲ್ಲಿಯೋ ತಪ್ಪಿದ್ದಾನೆಂದು ಅರ್ಥ. ಆ ತಪ್ಪನ್ನು ಹುಡುಕುವುದರಲ್ಲಿಯೇ ನನ್ನ ವೃತ್ತಿಯೆಲ್ಲ ಕಳೆಯಿತು. ಆದರೆ ನಮ್ಮ ಮನೆಯ ಈ ಒಂದು ಮಧ್ಯಾಹ್ನಕ್ಕೆ ಯಾರೂ ಕಲ್ಲು ನೆಡಿಸಿಲ್ಲ. ಉಳಿದಿರುವ ಸಾಕ್ಷ್ಯವೆಂದರೆ ಅಂದು ನಾವು ತಿಂದ ತಿನಿಸುಗಳು ಮಾತ್ರ. ಬುದ್ಧಿ ತನಗೆ ಬೇಕಾದಂತೆ ತಿಂಗಳುಗಳನ್ನು ಹಿಂದುಮುಂದು ಮಾಡಿಕೊಳ್ಳುತ್ತದೆ; ನಾಲಗೆಗೆ ಆ ಜಾಣತನವಿಲ್ಲ.

ಘಟನೆಗೆ ಮೊದಲು ನಮ್ಮವರ ಒಂದು ಪದ್ಧತಿಯನ್ನು ವಿವರಿಸಬೇಕು. ಮಾಡದಕೆರೆಯ ಸುತ್ತಿನ ನಮ್ಮ ಬಳಗದಲ್ಲಿ, ಹೆಣ್ಣು ಒಪ್ಪಿಗೆಯಾದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುತ್ತಿದ್ದರು. ಅಲ್ಲಿ ತಿಂಡಿ ತಿನ್ನಬಹುದು, ಕಾಫಿ ಕುಡಿಯಬಹುದು, ಊಟ ಮಾಡುವಂತಿಲ್ಲ. ಊಟಕ್ಕೂ ತಿಂಡಿಗೂ ಗೆರೆ ಎಳೆಯುತ್ತಿದ್ದದ್ದು ಹೊಟ್ಟೆಯ ಅಳತೆಯಲ್ಲ, ಉಪ್ಪು. ಬಾಳೆಲೆ ಹಾಸಿ ಅದರ ಎಡ ಮೂಲೆಗೆ ಉಪ್ಪು ಬಡಿಸಿದರೆ ಅದು ಊಟ. ಉಪ್ಪು ಬೀಳದ ಎಲೆ ಬರೀ ಎಲೆ. ಗಂಡಿನ ಮನೆಯಲ್ಲಿ ಹೆಣ್ಣಿನ ತಂದೆಯ ಎಲೆಗೆ ಉಪ್ಪು ಬಿತ್ತೆಂದರೆ ಸಂಬಂಧ ಕುದುರಿತು, ಆಮೇಲೆ ಷರತ್ತಿಗೆ ಜಾಗವಿಲ್ಲ. ‘ಉಪ್ಪು ಆತಾ?’ ಎಂದು ಕೇಳಿದರೆ ‘ಮಾತು ಗಟ್ಟಿಯಾಯಿತೇ?’ ಎಂದೇ ಅರ್ಥ. ಆದ್ದರಿಂದ ಕೇಳಬೇಕಾದ್ದನ್ನೆಲ್ಲ ಉಪ್ಪಿಗೆ ಮುಂಚೆ ಕೇಳಿಕೊಳ್ಳಬೇಕು.

ಅಕ್ಕನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಹೊಳಲ್ಕೆರೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಬ್ಬ ವಿಧವೆಯ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಳು. ಮನೆ ನೋಡಲು ಹೊರಡುವ ಹಿಂದಿನ ಸಂಜೆ ನಾನು ಚಿತ್ರದುರ್ಗದಿಂದ ಅಲ್ಲಿಗೆ ಹೋಗಿ ಉಳಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸದುರ್ಗಕ್ಕೆ ಹೋಗಿ, ಊರಿನಿಂದ ಬರುವ ಅಪ್ಪ ಮತ್ತು ಸೋದರಮಾವನನ್ನು ಕೂಡಿಕೊಳ್ಳುವುದೆಂದು ಮಾತಾಗಿತ್ತು. ಹೆಂಗಸರು ಮನೆ ನೋಡಲು ಹೋಗುವ ರೂಢಿ ಇರಲಿಲ್ಲ. ಯಾರು ಆ ಮನೆಯಲ್ಲಿ ಬಾಳಬೇಕೋ ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಅದನ್ನು ನೋಡಿಬರುತ್ತಿದ್ದರು.

ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಲೇ ಹೇಳಿದಳು.

“ಹುಡುಗನ ಮೇಲೆ ನಂದೇನೂ ತಕರಾರಿಲ್ಲ ಕಣೋ. ನೋಡಾಕೆ ಬಂದಾಗ ಮಾತಾಡ್ಸಿದ್ನಲ್ಲ, ಒಳ್ಳೆಯವನ ಹಂಗೇ ಕಾಣ್ತಾನೆ. ಕೇಳ್ಬೇಕಾದ್ದು ಒಂದೇ. ಮದುವೆ ಆದಮೇಲೆ ನನ್ನ ಸ್ಕೂಲಿಗೆ ಕಳಿಸ್ತಾರೋ ಇಲ್ವೋ. ಹಿರಿಯೂರಿಗೇ ವರ್ಗ ಹಾಕಿಸ್ಕಂತೀನಿ. ಹೂಂ ಅನ್ಲಿ, ಇಲ್ಲ ಊಹೂಂ ಅನ್ಲಿ.”

“ಅಪ್ಪ ಕೇಳ್ತಾರೆ ಬಿಡು.”

“ಅಪ್ಪ ಕೇಳಲ್ಲ. ಅಪ್ಪನಿಗೆ ದೊಡ್ಡೋರ ಮನೇಲಿ ಬಾಯಿ ಬರಲ್ಲ. ನೀನು ಕೇಳು, ಇಲ್ಲ ಮಾವನ ಕೈಲಿ ಕೇಳ್ಸು. ಆ ಉತ್ತರ ಬಂದಮೇಲೆ ಉಪ್ಪು ಮುಟ್ಲಿ. ಅಲ್ಲಿತಂಕ ಅಪ್ಪನ ಎಲೆಗೆ ಉಪ್ಪು ಬೀಳದಂಗೆ ನೋಡ್ಕಳೋದು ನಿನ್ ಕೆಲ್ಸ.”

“ಊಟಕ್ಕೆ ಎಬ್ಬಿಸಿದ್ರೆ?”

“ಹೊಟ್ಟೆ ನೋವು ಅನ್ನು. ಓದಿದೋನು, ಒಂದು ಸುಳ್ಳು ಹೇಳಕ್ಕೂ ಬರಲ್ವಾ?” ಎಂದು ನಕ್ಕಳು. ಬಾಗಿಲವರೆಗೆ ಬಂದವಳು ನಗು ಬಿಟ್ಟು ಮತ್ತೊಮ್ಮೆ, “ಮರೀಬ್ಯಾಡ” ಎಂದಳು.

ಹೊಸದುರ್ಗದ ನಿಲ್ದಾಣದಲ್ಲಿ ಅಪ್ಪ ಮಡಿ ಪಂಚೆ, ಕರಿ ಕೋಟು ತೊಟ್ಟು ನಿಂತಿದ್ದರು. ಅದು ತಾಲ್ಲೂಕು ಕಚೇರಿಗೆ ಹೋಗುವಾಗ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಕೋಟು. ಪಕ್ಕದಲ್ಲಿದ್ದ ಮಾವ ಬೀಡಿ ಆರಿಸಿ, “ಏನಪ್ಪ ಪಂಡಿತ, ಆ ಮನೆ ಹೊಸ್ತಿಲಲ್ಲೂ ಏನಾರ ಬರ್ದೈತಾ ನೋಡೋನಂತೆ, ಹತ್ತು ಮೊದ್ಲು” ಎಂದರು. ಬಸ್ಸಿನಲ್ಲಿ ನಾನು ಅಕ್ಕನ ಮಾತನ್ನು ಇಬ್ಬರಿಗೂ ಹೇಳಿದೆ. ಮಾವ ತಲೆದೂಗಿದರು. ಅಪ್ಪ ಕಿಟಕಿಯಾಚೆ ನೋಡುತ್ತ, “ಕೇಳಾಣ, ಕೇಳಾಣ. ಹೋದ ತಕ್ಷಣ ಕೇಳಿದ್ರೆ ಸಾಲ ವಸೂಲಿಗೆ ಬಂದಂಗಿರ್ತೈತೆ” ಎಂದರು. ಮಾರಿಕಣಿವೆಯ ನೀರು ದೂರದಲ್ಲಿ ಒಮ್ಮೆ ಹೊಳೆದು ಗುಡ್ಡದ ಮರೆಗೆ ಸರಿಯಿತು. ಅಪ್ಪನ ಕೈ ಕೋಟಿನ ಗುಂಡಿಯನ್ನು ಹಾಕುತ್ತ ತೆಗೆಯುತ್ತ ಇತ್ತು.

ಗಂಡಿನ ಮನೆಯವರು ಮೂಲತಃ ಧರ್ಮಪುರದ ಕಡೆಯವರು. ಶೇಂಗಾ ಬೆಳೆಯುತ್ತಿದ್ದವರು ಶೇಂಗಾ ಕೊಳ್ಳತೊಡಗಿ, ಆಮೇಲೆ ಹಿರಿಯೂರಿಗೆ ಬಂದು ಎಣ್ಣೆ ಮಿಲ್ಲು ಹಾಕಿದ್ದರು. ಮನೆಯ ಅಂಗಳಕ್ಕೆ ಕಾಲಿಟ್ಟೊಡನೆ ಹಸಿ ಹಿಂಡಿಯ ವಾಸನೆ ಮುಖಕ್ಕೆ ಬಂತು. ಗಂಡಿನ ತಂದೆ ದಪ್ಪ ಮೈಯ, ಮೆದು ಮಾತಿನ ಮನುಷ್ಯ. ಆದರೆ ಮನೆ ನಡೆಯುತ್ತಿದ್ದದ್ದು ಅವರ ತಾಯಿಯ ಮಾತಿನ ಮೇಲೆ. ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ಹಾಕಿದ್ದ ಒಂದು ಗಿಡ್ಡ ಮಂಚದ ಮೇಲೆ ಆ ಅಜ್ಜಿ ಕೂತಿದ್ದರು. ಒಳಗೂ ಹೊರಗೂ ಏಕಕಾಲಕ್ಕೆ ಕಣ್ಣಿಡುವಂಥ ಜಾಗ ಅದು.

“ಬರ್ರಿ, ಕುಂತ್ಕಳ್ರಿ. ಊಟದ ಮಾತು ಆಡಲ್ಲ ನಾನು, ಹೆದರ್ಕಬ್ಯಾಡ್ರಿ,” ಎಂದರು. “ನಿಮ್ ಕಡೆ ಪದ್ಧತಿ ಗೊತ್ತೈತೆ. ಎಲೆ ಹಾಕಲ್ಲ. ನಮ್ಮನೇಲಿ ಏನೇನು ಮಾಡ್ತೀವಿ, ಕಾಸ್ತ ಕಾಸ್ತ ರುಚಿ ನೋಡ್ರಿ. ಅಷ್ಟೇಯ.”

‘ಕಾಸ್ತ’ ಎನ್ನುವುದು ಗಡಿಯಾಚೆಯ ತೆಲುಗಿನ ಮಾತು. ಚೂರೇ ಚೂರು ಎಂದರ್ಥ. ಆ ಮಧ್ಯಾಹ್ನ ಅದನ್ನು ಎಷ್ಟು ಸಲ ಕೇಳಿದೆನೋ, ಇಂದಿಗೂ ಆಂಧ್ರದ ಕಡೆಯ ಬಸ್ಸಿನಲ್ಲಿ ಯಾರಾದರೂ ‘ಕಾಸ್ತ ಸರೀರಿ’ ಎಂದರೆ ನನ್ನ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ.

ಚಾಪೆಯ ಮೇಲೆ ಕೂತೆವು. ಮೊದಲು ಬೆಲ್ಲದ ನೀರು. ಅದರ ಹಿಂದೆ ಅಂಗೈಯಗಲದ ಹಿತ್ತಾಳೆ ತಟ್ಟೆಗಳು ಬಂದವು. ತಟ್ಟೆಗೆ ಒಂದೇ ತಿನಿಸು. ಅದು ಮುಗಿಯುತ್ತಲೇ ತಟ್ಟೆ ಒಳಗೆ ಹೋಗಿ, ಬೇರೆ ತಟ್ಟೆಯಲ್ಲಿ ಬೇರೆ ತಿನಿಸು. ಹಾಗೆ ಬಡಿಸುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಮ್ಮಲ್ಲಿ ಎಲ್ಲವೂ ಒಟ್ಟಿಗೆ ಬಂದು, ಒಂದರ ಸಾರು ಇನ್ನೊಂದರ ಪಲ್ಯಕ್ಕೆ ಹರಿದು, ತಿನ್ನುವವನ ಕೈಯೇ ಅವುಗಳ ನಡುವೆ ನ್ಯಾಯ ತೀರಿಸಬೇಕು. ಇಲ್ಲಿ ಪ್ರತಿಯೊಂದು ರುಚಿಯೂ ಒಂಟಿಯಾಗಿ ಬಂದು, ನಮ್ಮ ಪೂರ್ತಿ ಗಮನ ಪಡೆದು, ಎದ್ದು ಹೋಗುತ್ತಿತ್ತು.

ಮೊದಲ ತಟ್ಟೆಯಲ್ಲಿ ಸಜ್ಜೆರೊಟ್ಟಿಯ ಒಂದು ತುಂಡು, ಮೇಲೆ ಎಳ್ಳು; ಪಕ್ಕದಲ್ಲಿ ಹುರಿದ ಶೇಂಗಾ, ಒಣಮೆಣಸಿನಕಾಯಿ ಕುಟ್ಟಿ ಮಾಡಿದ ತರಿತರಿ ಚಟ್ನಿ. ರೊಟ್ಟಿ ಇನ್ನೂ ಹಂಚಿನ ಬಿಸಿಯಲ್ಲಿತ್ತು, ಮುರಿದರೆ ಸದ್ದಾಗುತ್ತಿತ್ತು. ಅಪ್ಪ ಕಣ್ಣು ಮುಚ್ಚಿ ಅಗಿದರು. ಮಾವ ಗಂಟಲು ಸರಿಮಾಡಿಕೊಂಡು, “ಯಜಮಾನ್ರೇ, ನಮ್ಮ ಹುಡುಗಿ ಸ್ಕೂಲಿಂದು ಒಂದ್ ವಿಷಯ ಇತ್ತು” ಎಂದು ಶುರುಮಾಡಿದರು.

ಗಂಡಿನ ತಂದೆ ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, “ಮಾತು ಆರಿದ್ರೂ ಆಡಬೌದು. ಬದನೇಕಾಯಿ ಆರಿದ್ರೆ ಎಣ್ಣೆ ಬಿಡ್ತೈತೆ. ಕಾಸ್ತ ರುಚಿ ನೋಡ್ರಿ” ಎಂದರು. ತಟ್ಟೆಗಳು ಬದಲಾದವು. ಒಂದೊಂದರಲ್ಲೂ ಒಂದೇ ಒಂದು ಪುಟ್ಟ ಬದನೆಕಾಯಿಯ ಎಣ್ಣೆಗಾಯಿ, ತೊಟ್ಟಿನ ಸಮೇತ. ಕೈಯಿಂದ ತೊಟ್ಟು ಹಿಡಿದು ಬಾಯಿಗಿಟ್ಟರೆ ತೊಟ್ಟು ಮಾತ್ರ ಕೈಯಲ್ಲಿ ಉಳಿಯುತ್ತಿತ್ತು. ಮಾವ ತೊಟ್ಟನ್ನು ತಟ್ಟೆಯಲ್ಲಿಟ್ಟು, ತಾವು ಆಡಬೇಕೆಂದಿದ್ದ ಮಾತನ್ನು ಹುಡುಕುವವರಂತೆ ಅದನ್ನೇ ನೋಡಿದರು.

ಆಮೇಲೆ ಬಂದದ್ದೇ ನನ್ನ ಸಾಕ್ಷ್ಯ. ಬಟ್ಟಲಿನಲ್ಲಿ ಹಿದುಕಿದ ಅವರೆಬೇಳೆಯ ಸಾರು, ಅದರ ನಡುವೆ ನಿಂಬೆಹಣ್ಣಿನ ಗಾತ್ರದ ಒಂದು ರಾಗಿಮುದ್ದೆ. ಮಾವ ನನ್ನ ಕಿವಿಯ ಬಳಿ ಬಾಗಿ, “ಇದೇನಲೇ, ಮುದ್ದೆಯೋ ಡಾಕ್ಟ್ರು ಕೊಡೋ ಮಾತ್ರೆಯೋ?” ಎಂದು ಪಿಸುಗುಟ್ಟಿದರು.

ನಡುಮನೆಯ ಆ ತುದಿಯಿಂದ ಅಜ್ಜಿ, “ಮಾತ್ರೇನೇಯ. ನುಂಗಿದ್ರೆ ಒಳ್ಳೇದಾಗ್ತೈತೆ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಅಂತರದಲ್ಲಿ ಆ ಪಿಸುಮಾತು ಅವರಿಗೆ ಹೇಗೆ ಕೇಳಿಸಿತೆಂಬುದನ್ನು ಆಗ ಯೋಚಿಸಲಿಲ್ಲ.

ಸಾರಿನ ಸೊಗಡು ಬಟ್ಟಲು ಎತ್ತುವ ಮೊದಲೇ ಮೂಗಿಗೆ ಹತ್ತಿತ್ತು. ಮಂಜು ಬಿದ್ದ ಗಿಡದ ಕಾಯಿಗೆ ಮಾತ್ರ ಬರುವ ವಾಸನೆ ಅದು. ನಮ್ಮ ಸೀಮೆಯಲ್ಲಿ ದೀಪಾವಳಿಗೆ ಮೊದಲು ಅವರೆಗಿಡ ಇನ್ನೂ ಹೂವಿನಲ್ಲಿರುತ್ತದೆ. ಇಷ್ಟರಿಂದಲೇ ಅಪ್ಪನ ಕಾಲನಿರ್ಣಯ ಬಿದ್ದುಹೋಗುತ್ತದೆ. ಇನ್ನು ಧನುರ್ಮಾಸದಲ್ಲಿ ನಮ್ಮವರು ಮದುವೆಯ ಕೆಲಸಕ್ಕೆ ಹೊಸ್ತಿಲು ದಾಟುವುದಿಲ್ಲ. ಹಾಗಾಗಿ ಅದರ ಹಿಂದಿನ ಕಾರ್ತೀಕ–ಮಾರ್ಗಶಿರ ಅಥವಾ ಅದರ ಮುಂದಿನ ಮಾಘ, ಎರಡೇ ಉಳಿಯುತ್ತವೆ. ಇವೆರಡರ ನಡುವೆ ತೀರ್ಪು ಕೊಟ್ಟದ್ದು ಕೊನೆಯಲ್ಲಿ ಬಂದ ನವಣೆ ಅನ್ನದ ಪಕ್ಕದಲ್ಲಿದ್ದ ಎಳೆಯ ಮಾವಿನಮಿಡಿ. ಅದು ಹಳೆಯ ಜಾಡಿಯದಲ್ಲ. ಆ ವರ್ಷ ಮೊದಲು ಉದುರಿದ ಮಿಡಿಯನ್ನು ಹೆಚ್ಚಿ, ಖಾರ ಸವರಿದ್ದರು. ಮಾರ್ಗಶಿರದಲ್ಲಿ ಮಾವಿನ ಮರದಲ್ಲಿ ಎಲೆಯಲ್ಲದೆ ಬೇರೇನೂ ಇರುವುದಿಲ್ಲ.

ಆದರೆ ಅಂದು ನಾನು ಕಾಲನಿರ್ಣಯ ಮಾಡುತ್ತ ಕೂತಿರಲಿಲ್ಲ. ಅಪ್ಪನ ಮುಂದಿನ ನೆಲವನ್ನೇ ನೋಡುತ್ತಿದ್ದೆ. ಎಲೆ ಇಲ್ಲ; ಉಪ್ಪಿಲ್ಲ. ಅಲ್ಲಿಯವರೆಗೆ ಅಕ್ಕ ಸುರಕ್ಷಿತಳು. ಆದರೂ ಪ್ರತಿ ತಟ್ಟೆಯೂ ನಮ್ಮನ್ನು ಒಂದು ಹೆಜ್ಜೆ ಒಳಕ್ಕೆ ಎಳೆದುಕೊಳ್ಳುತ್ತಿದೆಯೆಂಬ ಭಯ ಹೊಟ್ಟೆ ತುಂಬಿದಷ್ಟೂ ಬೆಳೆಯುತ್ತಿತ್ತು. ಇಷ್ಟು ಹದವಾಗಿ ಉಣಬಡಿಸಿದವರ ಎದುರು ನಿಷ್ಠುರವಾಗಿ ಕೇಳುವುದು ಹೇಗೆ? ಅಕ್ಕ ಹೇಳಿಕೊಟ್ಟ ಹೊಟ್ಟೆನೋವಿನ ಸುಳ್ಳನ್ನು ಆಡುವ ಸಂದರ್ಭವೇ ಬರಲಿಲ್ಲ, ಏಕೆಂದರೆ ಊಟಕ್ಕೆ ಏಳಿರೆಂದು ಯಾರೂ ಕರೆಯಲಿಲ್ಲ. ನಾನು ಧೈರ್ಯಮಾಡಿ ಗಂಡಿನ ತಂದೆಯ ಕಡೆ ತಿರುಗಿದೆ.

“ನಮ್ಮಕ್ಕ ಕೆಲಸ ಮುಂದುವರಿಸಬೇಕು ಅಂತ ಇದ್ದಾಳೆ. ಹಿರಿಯೂರಿಗೆ ವರ್ಗ ಸಿಗುತ್ತೆ. ನಿಮ್ಮ ಅಭಿಪ್ರಾಯ ಏನು?”

ಅವರು ನನ್ನನ್ನು ನೋಡಲಿಲ್ಲ, ತಾಯಿಯನ್ನು ನೋಡಿದರು. ಅಜ್ಜಿ ಒಳಗೆ ಮುಖಮಾಡಿ, “ಹೋಳಿಗೆ ತಗಂಬರ್ರೇ” ಎಂದರು. ಮತ್ತೆ ನನ್ನತ್ತ ತಿರುಗಿ, “ತಮ್ಮಾ, ನಮ್ ಮಿಲ್ಲಿನ ಶೇಂಗಾ ಇದು. ಇದನ್ನ ಬಾಯಲ್ಲಿಟ್ಕಂಡು ಯಾರೂ ಮಾತಾಡಿದ್ದಿಲ್ಲ. ಕಾಸ್ತ ನೋಡು” ಎಂದರು.

“ಹಿರೇರು ಅದಾರೆ, ಮಾತಾಡ್ತಾರೆ. ನೀನು ಸುಮ್ಕೆ ತಿನ್ನಲೇ,” ಎಂದರು ಅಪ್ಪ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ಶೇಂಗಾ ಹೋಳಿಗೆಯ ಮೇಲೆ ತುಪ್ಪ ಹರಡಿತು. ಅದು ನಿಜಕ್ಕೂ ಮಾತಾಡಿಕೊಂಡು ತಿನ್ನುವಂಥದ್ದಲ್ಲ. ಆ ರುಚಿಯನ್ನು ಅಲ್ಲಗಳೆದರೆ ಸುಳ್ಳಾಗುತ್ತದೆ. ಆಮೇಲೆ ದೇಶದಲ್ಲಿ ಎಷ್ಟೋ ಕಡೆ, ವಿಚಾರಸಂಕಿರಣಗಳ ನೆಪದಲ್ಲಿ, ದೊಡ್ಡ ಹೋಟೆಲುಗಳಲ್ಲಿ ಹೀಗೆಯೇ ಒಂದಾದಮೇಲೊಂದು ಚೂರುಚೂರಾಗಿ ಬರುವ ಊಟಗಳನ್ನು ಉಂಡಿದ್ದೇನೆ. ಯಾವುದೂ ಅದರ ಸಮಕ್ಕೆ ಬಂದಿಲ್ಲ. ಯಾವುದನ್ನೂ ನಿಶ್ಚಿಂತೆಯಿಂದ ಉಂಡೂ ಇಲ್ಲ.

ನವಣೆ ಅನ್ನ ಒಂದು ಹಿಡಿ ಬಂತು, ಹೋಯಿತು. ಕೊನೆಗೆ ಹಿತ್ತಾಳೆ ಲೋಟಗಳಲ್ಲಿ ಮಜ್ಜಿಗೆ. ಅದನ್ನು ಕಂಡಾಗ ನನಗೆ ಉಸಿರು ಬಂತು. ಮಜ್ಜಿಗೆಯೆಂದರೆ ಮುಗಿಯಿತು; ಎಲೆ ಬೀಳಲಿಲ್ಲ, ಉಪ್ಪು ಬೀಳಲಿಲ್ಲ, ಇನ್ನು ಕೈತೊಳೆದು ಮಾತಿಗೆ ಕೂರಬಹುದು.

ಅಪ್ಪನಿಗೆ ಒಂದು ಅಭ್ಯಾಸವಿತ್ತು. ಮಜ್ಜಿಗೆಗೆ ಉಪ್ಪನ್ನು ಅವರೇ ಹಾಕಿಕೊಳ್ಳಬೇಕು. ಬೇರೆಯವರ ಕೈಯಳತೆ ಒಗ್ಗುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಅದಕ್ಕೆಂದೇ ಸಪ್ಪೆ ಮಜ್ಜಿಗೆ ಕೊಟ್ಟು, ಉಪ್ಪಿನ ಮರಿಗೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದಳು. ತಳ್ಳುವುದು ಮರೆತರೆ ಅಪ್ಪ ತಲೆಯೆತ್ತದೆ ಕೇಳುತ್ತಿದ್ದರು. ಈಗ ಅವರು ಲೋಟವೆತ್ತಿ ಒಂದು ಗುಟುಕು ಕುಡಿದರು. ಅಂದಿನ ತಿನಿಸುಗಳಲ್ಲೆಲ್ಲ ಉಪ್ಪು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹದವಾಗಿತ್ತು. ಮಜ್ಜಿಗೆ ಮಾತ್ರ ಸಪ್ಪೆ. ಅಪ್ಪ ಲೋಟ ಕೆಳಗಿಟ್ಟು, ಮನೆಯಲ್ಲಿ ಅಮ್ಮನಿಗೆ ಹೇಳುವಂತೆಯೇ, “ಒಂಚೂರು ಉಪ್ಪು” ಎಂದರು.

ನಾನು ಅವರ ಮೊಣಕೈ ಹಿಡಿದೆ. ತಡವಾಗಿತ್ತು.

“ಏನ್ ಕೇಳಿದ್ರಿ?” ಎಂದರು ಅಜ್ಜಿ.

“ಉಪ್ಪು.”

“ವಯಸ್ಸಾತು ನೋಡ್ರಿ, ಕಿವಿ ಮಂದ. ಕಾಸ್ತ ಜೋರಾಗಿ ಹೇಳ್ರಿ.”

“ಉಪ್ಪು ಕೊಡ್ರಿ ಅಂದೆ,” ಎಂದು ಅಪ್ಪ ಗಟ್ಟಿಯಾಗಿ ಹೇಳಿದರು. ಆ ಮಾತು ತಮ್ಮ ಕಿವಿಗೇ ಬಿದ್ದಾಗ ಅವರ ಮುಖದ ಬಣ್ಣ ಹೋಯಿತು.

ಅಜ್ಜಿ ಸೊಸೆಯನ್ನು ಕರೆದು, “ಬೀಗರು ಉಪ್ಪು ಕೇಳ್ತಾ ಅವ್ರೆ” ಎಂದರು. ಒಳಗಿನಿಂದ ಗಂಡಿನ ತಾಯಿ ತುದಿಯಿರುವ ಒಂದು ಬಾಳೆಲೆ ತಂದು ಅಪ್ಪನ ಮುಂದೆ ಹಾಸಿದರು. ಎಲೆಯನ್ನು ಮೊದಲೇ ಒರೆಸಿಟ್ಟಿದ್ದರು. ನೀರಿನ ಹನಿ ಒಂದೂ ಇರಲಿಲ್ಲ. ಅಷ್ಟಗಲದ ಹಸಿರು ಎಲೆಯ ಎಡ ಮೂಲೆಗೆ ಒಂದು ಚಿಟಿಕೆ ಉಪ್ಪು ಬಿತ್ತು. ಎಲೆಯ ಮೇಲೆ ಅದೊಂದೇ.

ಅದು ಮಜ್ಜಿಗೆಗೆ ಕೇಳಿದ ಉಪ್ಪು ಎಂದು ಮಾವ ನಗುತ್ತ ಹೇಳಿಬಿಡಬಹುದಿತ್ತು. ಅವರು ಹೇಳಿದರು ಕೂಡ: “ಅಮ್ಮಾ, ನಮ್ಮ ಭಾವ ಕೇಳಿದ್ದು ಮಜ್ಜಿಗೆಗೆ.”

“ಮಜ್ಜಿಗೆಗೇ ಕೇಳ್ಲಿ, ಮುದ್ದೆಗೇ ಕೇಳ್ಲಿ. ಉಪ್ಪು ಎರಡು ಥರ ಇರ್ತೈತೇನಪ್ಪ?” ಎಂದರು ಅಜ್ಜಿ.

ಅಪ್ಪ ಎಲೆಯನ್ನು ನೋಡುತ್ತ ಕೂತರು. ಕೇಳಿ ಹಾಕಿಸಿಕೊಂಡ ಉಪ್ಪನ್ನು ಬಿಟ್ಟು ಏಳುವುದು ನಮ್ಮಲ್ಲಿ ಆ ಮನೆಗೆ ಶಾಪ ಹಾಕಿದ ಹಾಗೆ. ಅವರು ಮಾವನತ್ತ ನೋಡಲಿಲ್ಲ, ನನ್ನತ್ತಲೂ ನೋಡಲಿಲ್ಲ. ಉಪ್ಪನ್ನು ಬೆರಳಲ್ಲಿ ಒತ್ತಿ ಎತ್ತಿ, ಲೋಟಕ್ಕೆ ಹಾಕಿ, ಅದೇ ಬೆರಳಿನಿಂದ ತಿರುವಿ ಕುಡಿದರು.

ಮಾವ ಆಗ ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲ ಯಾವ ತಟ್ಟೆಯೂ ಅಡ್ಡ ಬರಲಿಲ್ಲ. ಅಜ್ಜಿ ಮಂಚದಿಂದ ಇಳಿದು ಬಂದು ನಮ್ಮೆದುರಿಗೆ ನೆಲದ ಮೇಲೇ ಕೂತರು. ಅವರ ದನಿ ಮೃದುವಾಗಿತ್ತು.

“ಈಗ ನೀವು ನಮ್ಮೋರು, ಈಗ ಹೇಳ್ತೀನಿ. ಮುಂಚೆ ಹೇಳಿದ್ರೆ ನೀವು ಎದ್ದು ಹೋಗ್ತಿದ್ರಿ. ಹುಡುಗಿ ಬಲು ಬೇಷಾಗವ್ಳೆ, ನನ್ ಮೊಮ್ಮಗ ಅವಳೇ ಬೇಕು ಅಂತ ಕುಂತವ್ನೆ. ಆದ್ರೆ ನಮ್ಮನೆ ಹೆಣ್ಮಕ್ಳು ಕೆಲ್ಸಕ್ಕೆ ಹೋಗಲ್ಲ. ಅಕ್ಷರ ಕಲ್ಸಾಕೆ ನಮ್ಮನೇಲೇ ಮಕ್ಳಾಗ್ತಾವೆ.”

ಹೊರಗೆ ಮಿಲ್ಲಿನ ಯಂತ್ರ ಮಧ್ಯಾಹ್ನದ ಬಿಡುವು ಮುಗಿಸಿ ಮತ್ತೆ ಶುರುವಾಯಿತು.

ಅಜ್ಜಿ ಮಜ್ಜಿಗೆಯನ್ನು ಬೇಕೆಂದೇ ಸಪ್ಪೆ ಮಾಡಿಸಿದ್ದರೇ? ಹೆಣ್ಣು ನೋಡಲು ನಮ್ಮ ಊರಿಗೆ ಬಂದಾಗ ಅವರು ನಡುಮನೆಯಲ್ಲಿ ಕೂತು ಮಜ್ಜಿಗೆ ಕುಡಿದಿದ್ದರು, ಅಪ್ಪ ತಮ್ಮ ಲೋಟಕ್ಕೆ ಉಪ್ಪು ಹಾಕಿಸಿಕೊಂಡದ್ದನ್ನು ನೋಡಿರಬಹುದು. ನೋಡಿದರೆಂಬುದಕ್ಕೆ ಪುರಾವೆಯಿಲ್ಲ. ಒರೆಸಿಟ್ಟ ಎಲೆಯನ್ನು ಪುರಾವೆಯೆನ್ನೋಣವೆಂದರೆ, ಮನೆಗೆ ನೆಂಟರು ಬರುವ ದಿನ ಎಲೆ ಒರೆಸಿಡದ ಮನೆ ಯಾವುದು? ಈ ಪ್ರಶ್ನೆಯನ್ನು ತೀರ್ಮಾನವಾಗದ್ದೆಂದೇ ಬಿಡುತ್ತೇನೆ.

ಮಾರನೆಯ ದಿನ ಹೊಳಲ್ಕೆರೆಗೆ ಹೋದೆ. ಹೇಳುವ ಕೆಲಸವೂ ನನ್ನದೇ. ಶಾಲೆಯಲ್ಲಿ ಮಧ್ಯಾಹ್ನದ ಬಿಡುವು. ಮಕ್ಕಳು ನಲ್ಲಿಯ ಬಳಿ ತಳ್ಳಾಡುತ್ತಿದ್ದರು. ಅಕ್ಕ ಜಗಲಿಯ ಕೊನೆಯಲ್ಲಿ ಬುತ್ತಿಯ ಡಬ್ಬಿ ಬಿಚ್ಚಿ ಕೂತಿದ್ದಳು. ನನ್ನ ಮುಖ ನೋಡಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು.

“ಉಪ್ಪು ಆತಾ?”

“ಆತು.”

“ಯಾರು ಬಡಿಸಿದ್ರು?”

“ಅಪ್ಪನೇ ಕೇಳಿದ್ರು.”

“ಮಜ್ಜಿಗೆಗಾ?” ಎಂದಳು.

ನಾನು ತಲೆಯಾಡಿಸಿದೆ. ಅವಳ ತುಟಿ ನಗುವಿಗೆ ಹೊರಟಂತೆ ಒಂದಿಷ್ಟು ಅಗಲವಾಯಿತು, ಅಲ್ಲಿಗೇ ನಿಂತಿತು. “ಎಲೆಗೆ ಉಪ್ಪು ಬೀಳದಂಗೆ ನೋಡ್ಕ ಅಂದೆ. ಅಪ್ಪನ ಮಜ್ಜಿಗೆ ನನ್ಗೂ ನೆನಪಾಗಲಿಲ್ಲ ನೋಡು” ಎಂದಳು. ಗಂಟೆ ಹೊಡೆಯಿತು. ಡಬ್ಬಿಯ ಮುಚ್ಚಳ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು ತರಗತಿಗೆ ಹೋದಳು. ಒಳಗಿನಿಂದ ಮಕ್ಕಳು ಮಗ್ಗಿ ಹೇಳುವ ಸದ್ದು ಬಂತು. ಅವಳ ದನಿ ಎಂದಿನಂತೆಯೇ ಇತ್ತು. ಬಸ್ಸು ಹೊರಡುವವರೆಗೂ ನನಗೆ ಅದು ಕೇಳಿಸುತ್ತಿತ್ತು ಎಂದು ನೆನಪು. ಶಾಲೆಗೂ ನಿಲ್ದಾಣಕ್ಕೂ ಇದ್ದ ದೂರ ನೋಡಿದರೆ ಇದು ಸಾಧ್ಯವಿಲ್ಲ.

ಅವಳು ಊರಿಗೆ ಹೋಗಿ ಅಪ್ಪನ ಜೊತೆ ಮಾತಾಡಿದಳೆಂದು ಆಮೇಲೆ ಅಮ್ಮ ಹೇಳಿದಳು. ಅಪ್ಪ ಎದ್ದು ಹಿತ್ತಲಿಗೆ ಹೋದರಂತೆ. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಮದುವೆಯಿಲ್ಲ ಎಂಬ ಒಂದನ್ನು ಮಾತ್ರ ಅವಳು ಗೆದ್ದುಕೊಂಡಳು. ಬೇಸಿಗೆಯಲ್ಲಿ ಮದುವೆಯಾಯಿತು. ಭಾವ ಒಳ್ಳೆಯ ಮನುಷ್ಯನೇ ಆಗಿದ್ದರು. ಅಜ್ಜಿ ಅವಳನ್ನು ಚೆನ್ನಾಗಿಯೇ ನೋಡಿಕೊಂಡರು. ಕೊನೆಗಾಲದ ಹಾಸಿಗೆಯಲ್ಲಿ ಅಕ್ಕನಲ್ಲದೆ ಬೇರೆ ಯಾರ ಕೈಯಿಂದಲೂ ನೀರು ಕುಡಿಯಲಿಲ್ಲ. ಇವೆಲ್ಲವೂ ಸತ್ಯ. ಅಕ್ಕ ಮತ್ತೆಂದೂ ಶಾಲೆಯ ಮೆಟ್ಟಿಲು ಹತ್ತಲಿಲ್ಲವೆಂಬುದೂ ಸತ್ಯ. ಹೊಳಲ್ಕೆರೆಯ ಮೇಲೆ ಬಸ್ಸು ಹೋಗುವಾಗ ಅವಳು ಎಡಗಡೆಯ ಕಿಟಕಿಯಿಂದ ಎದ್ದು ಬಲಗಡೆಗೆ ಕೂರುತ್ತಿದ್ದಳು. ಶಾಲೆ ಇದ್ದದ್ದು ಎಡಕ್ಕೆ.

ಅಪ್ಪ ಮಾತ್ರ ಆ ಮಧ್ಯಾಹ್ನವನ್ನು ವರ್ಷವರ್ಷವೂ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತ ಹೋದರು. ಮೊದಮೊದಲು ‘ಚಳಿಗಾಲ’ ಎನ್ನುತ್ತಿದ್ದವರು ಆಮೇಲೆ ‘ದೀಪಾವಳಿ ಆಸುಪಾಸು’ ಎಂದರು. ಕೊನೆಗೆ ‘ದೀಪಾವಳಿಗೆ ಮುಂಚೆ’ ಎಂಬಲ್ಲಿಗೆ ಬಂದು ನಿಂತರು. “ಆಗಿನ್ನೂ ಅವಳ್ದು ಟೆಂಪ್ರವರಿ. ಹೆಂಗಿದ್ರೂ ಹೋಗೋ ಕೆಲ್ಸ” ಎಂದು ಕೇಳದವರಿಗೂ ಹೇಳುತ್ತಿದ್ದರು. ಅವರು ಬದುಕಿರುವವರೆಗೆ ನಾನು ಅವರೆಬೇಳೆಯ ಮಾತನ್ನು ಎತ್ತಲಿಲ್ಲ.

ಅವರ ಕಾಲಾನಂತರ, ನಿವೃತ್ತನಾದ ಮೇಲೆ, ಒಮ್ಮೆ ಹಿರಿಯೂರಿಗೆ ಹೋದಾಗ ಅಕ್ಕನಿಗೆ ಎಲ್ಲವನ್ನೂ ವಿವರಿಸಿದೆ. ಸೊಗಡು, ಧನುರ್ಮಾಸ, ಮಾವಿನಮಿಡಿ, ಹೀಗೆ ಒಂದೊಂದೇ ಪ್ರಮಾಣ ಮುಂದಿಟ್ಟು ಆದೇಶ ಮೊದಲು, ಉಪ್ಪು ಆಮೇಲೆ ಎಂದು ಸಾಧಿಸಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೇಳಿಸಿಕೊಂಡಳು.

“ಇದಕ್ಕೆ ಇಷ್ಟು ಓದ್ಬೇಕಿತ್ತಾ? ಅವತ್ತು ಬೆಳಿಗ್ಗೆ ಬಸ್ಸಲ್ಲಿ ತಿನ್ನು ಅಂತ ನಿನ್ ಜೇಬಿಗೆ ಎಳ್ಳುಬೆಲ್ಲ ಹಾಕಿದ್ದೆ. ಖಾಯಂ ಆತು ಅಂತ ಆ ಸಂಕ್ರಾಂತಿಗೆ ಇಡೀ ಸ್ಕೂಲಿಗೆ ಹಂಚಿ ಉಳಿದಿದ್ದು. ಮರೆತ್ಯಾ?”

ಮರೆತಿದ್ದೆ. ನಾಲಗೆಯನ್ನು ನಂಬಿದ್ದ ನನಗೆ ಆ ರುಚಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

“ಮತ್ತೆ ಅಪ್ಪ ಹಂಗೆ ಹೇಳೋವಾಗ ನೀನ್ಯಾಕೆ ಸುಮ್ನಿದ್ದೆ?”

“ದೀಪಾವಳಿಗೆ ಮುಂಚೆ ಅಂದ್ಕಂಡ್ರೆ ಅವ್ರಿಗೆ ನಿದ್ದೆ ಬರ್ತಿತ್ತು. ಬರ್ಲಿ ಅಂತ ಬಿಟ್ಟೆ. ನನ್ಗೆ ಬರ್ತಿತ್ತೋ ಇಲ್ವೋ ಅಂತ ಅವ್ರೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ. ಏಳು, ಕೈ ತೊಳ್ಕ.”

ಊಟಕ್ಕೆ ಕೂತೆ. ಅವಳ ಮನೆಯಲ್ಲಿ ಒಂದು ರೂಢಿಯಿದೆ. ಎಷ್ಟೋ ಸಲ ಉಂಡಿದ್ದರೂ ಅದನ್ನು ನಾನು ಅಂದೇ ಗಮನವಿಟ್ಟು ನೋಡಿದೆ. ಊಟವಿರಲಿ, ತಿಂಡಿಯಿರಲಿ, ಬಂದವರು ನೆಂಟರಿರಲಿ, ಮಿಲ್ಲಿನ ಆಳಿರಲಿ, ತಟ್ಟೆ ಇಟ್ಟೊಡನೆ ಬೇರೆಲ್ಲಕ್ಕಿಂತ ಮೊದಲು ಒಂದು ಚಿಟಿಕೆ ಉಪ್ಪು ಬೀಳುತ್ತದೆ. ಸಾಲದೆಂಬಂತೆ ಉಪ್ಪಿನ ಮರಿಗೆಯೂ ನಡುವೆ, ಎಲ್ಲರ ಕೈಗೂ ನಿಲುಕುವಂತೆ ಕೂತಿರುತ್ತದೆ. ಆ ಮನೆಯಲ್ಲಿ ಯಾರೂ ಉಪ್ಪು ಕೇಳುವ ಪ್ರಸಂಗ ಬರುವುದಿಲ್ಲ.

ಮಜ್ಜಿಗೆ ಬಂತು. ಸಪ್ಪೆಯಾಗಿತ್ತು. ನನ್ನ ಕೈ ಮರಿಗೆಯ ಬಳಿ ಹೋಗಿ ತಡೆಯಿತು.

“ಹಾಕ್ಕಳೋ,” ಎಂದಳು ಅಕ್ಕ, ನನ್ನ ಕಡೆ ನೋಡದೆ. “ಇಲ್ಲಿ ಅದು ಬರೀ ಉಪ್ಪು.”